ಮಕ್ಕಳ ಮುಕ್ತ ತಂತ್ರಾಂಶ: ಕನ್ನಡದ ಮಾತನ್ನು ಯಾರಿಗೆ ಹೇಳಬೇಕು?



ಕನ್ನಡ ತರಗತಿಗೆ ಮಕ್ಕಳನ್ನು ಕಳುಹಿಸುವ ಪೋಷಕರು ನಮ್ಮನ್ನು ಆಗಾಗ ಕೇಳುವುದುಂಟು: ಮಗು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಆಡಿ ಕಲಿಯುವಂಥದ್ದು ಏನಾದರೂ ಇದೆಯೇ? ಇದೆ. ಹಣ ಕೊಡದೆ ಸಿಗುವ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಿವೆ. ಆದರೆ ಅವುಗಳಲ್ಲಿ ಕನ್ನಡ ಎಷ್ಟು ಚೆನ್ನಾಗಿದೆ ಎಂಬುದನ್ನು ನಿರ್ಧರಿಸುವುದು ಯಾವುದೋ ಕಂಪನಿಯಲ್ಲ, ಅವನ್ನು ಕಟ್ಟುವ ಸ್ವಯಂಸೇವಕರ ಸಮುದಾಯ. ಅಲ್ಲಿ ಯಾರು ಯಾರೊಡನೆ ಮಾತಾಡುತ್ತಾರೆ ಎಂಬುದನ್ನು ತಿಳಿದರೆ ನಮ್ಮ ಕೆಲಸ ಅರ್ಧ ಆದಂತೆ.

ಟಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಇದು 3ರಿಂದ 12 ವರ್ಷದ ಮಕ್ಕಳಿಗಾಗಿ ಇದ್ದು, ಕನ್ನಡದಲ್ಲೂ ದೊರೆಯುತ್ತದೆ. ಈ ಸಮುದಾಯ ಬಳಕೆದಾರರು, ತಂತ್ರಾಂಶ ಬರೆಯುವವರು, ಅನುವಾದಕರು ಎಂದು ಮೂರು ಗುಂಪುಗಳಾಗಿ ಮಾತುಕತೆಯನ್ನು ಹಂಚಿಕೊಂಡಿದೆ. ಶಾಲೆಯ ಕಂಪ್ಯೂಟರುಗಳಲ್ಲಿ ಮಕ್ಕಳು ಮುದ್ರಣದ ಗುಂಡಿ ಒತ್ತದಂತೆ ಮಾಡುವುದು ಹೇಗೆ ಎಂದು ಕೇಳುವ ಶಿಕ್ಷಕಿಗೆ (ಅದಕ್ಕೆ ವ್ಯವಸ್ಥೆ ಇದೆ) ಪ್ರೋಗ್ರಾಮಿನ ಸಾಲು ಸಾಲು ತಿದ್ದುಪಡಿಗಳನ್ನು ಓದುವ ಅಗತ್ಯವಿಲ್ಲ. ಎಲ್ಲವೂ ಒಂದೇ ಕಡೆ ಬಂದು ಬಿದ್ದರೆ ಮೊದಲು ಸುಮ್ಮನಾಗುವವರು ಶಿಕ್ಷಕರೇ.

ಆದರೆ ಬೇರ್ಪಡಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಗುಂಪುಗಳ ನಡುವೆ ಓಡಾಡುವವರು ಬೇಕು. ಕನ್ನಡಕ್ಕಂತೂ ಬೇಕೇ ಬೇಕು.

ಏಕೆಂದರೆ, ಇಂಗ್ಲಿಷಿನಲ್ಲಿ ಯೋಚಿಸುವ ಪ್ರೋಗ್ರಾಮರ್ ವಾಕ್ಯವನ್ನು ತುಂಡು ಮಾಡಿ, ನಡುವೆ ಒಂದು ಖಾಲಿ ಜಾಗ ಬಿಟ್ಟು, ಅಲ್ಲಿ ಯಾವುದಾದರೊಂದು ಪದ ಬಂದು ಕೂರಲಿ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಪದದ ಹಿಂದೆ ಒಂದು 'ಇನ್' ಸೇರಿಸಿದರೆ ಸಾಕು. ಕನ್ನಡದಲ್ಲಿ ಮರದಲ್ಲಿ, ಮನೆಯಲ್ಲಿ, ಕಾಡಿನಲ್ಲಿ ಎಂದು ಪದಕ್ಕೆ ತಕ್ಕಂತೆ ರೂಪ ಬದಲಾಗುತ್ತದೆ. ಖಾಲಿ ಜಾಗದ ಮುಂದೆ ಬರೀ 'ಅಲ್ಲಿ' ಬರೆದಿಟ್ಟರೆ 'ಮನೆ ಅಲ್ಲಿ' ಎಂಬ ವಿಚಿತ್ರ ಕನ್ನಡ ಮಗುವಿನ ಕಣ್ಣಿಗೆ ಬೀಳುತ್ತದೆ. ಅನುವಾದಕ ಎಷ್ಟೇ ಜಾಣನಾದರೂ ತನ್ನ ಕಡತದೊಳಗೆ ಇದನ್ನು ಸರಿಪಡಿಸಲಾರ. ಪೂರ್ತಿ ವಾಕ್ಯವನ್ನು ಒಂದೊಂದಾಗಿ ಅನುವಾದಕ್ಕೆ ಕೊಡಿ ಎಂದು ಪ್ರೋಗ್ರಾಮರುಗಳ ಗುಂಪಿಗೇ ಹೋಗಿ ಕೇಳಬೇಕು. ಕಾರಣ ವಿವರಿಸಿದರೆ ಸಾಮಾನ್ಯವಾಗಿ ಕೇಳುತ್ತಾರೆ. ಇದೇ ತೊಂದರೆ ತಮಿಳರಿಗೂ ಫಿನ್ನಿಷ್ ಭಾಷಿಕರಿಗೂ ಇದೆ.

ಧ್ವನಿಯದು ಇನ್ನೊಂದು ಕಥೆ. 2000ದಲ್ಲಿ ಫ್ರಾನ್ಸಿನ ಬ್ರೂನೊ ಕೂದ್ವಾಂ ಆರಂಭಿಸಿದ ಜಿಕಾಂಪ್ರಿ (ಫ್ರೆಂಚಿನಲ್ಲಿ 'ನನಗೆ ಅರ್ಥವಾಯಿತು' ಎನ್ನುವ ಮಾತಿನ ಮೇಲಿನ ಚಮತ್ಕಾರ) 2ರಿಂದ 10 ವರ್ಷದವರಿಗಾಗಿ ನೂರಕ್ಕೂ ಹೆಚ್ಚು ಆಟಗಳನ್ನು ಕೂಡಿಸಿಟ್ಟಿದೆ. ಇಂದು ಅದು ಕೆಡಿಇ ಸಮುದಾಯದ ಭಾಗ. ಇಂಥ ತಂತ್ರಾಂಶದಲ್ಲಿ ಅಕ್ಷರ, ಅಂಕಿ, ಬಣ್ಣಗಳ ಹೆಸರನ್ನು ಯಾರಾದರೂ ಓದಿ ಮುದ್ರಿಸಿಕೊಡಬೇಕು. ಅಂಕಿಯನ್ನು ಒಮ್ಮೆ 'ಎರಡು' ಎಂದು ಮುದ್ರಿಸಿ ಎಲ್ಲೆಡೆ ಜೋಡಿಸಿದರೆ 'ಎರಡು ಹಣ್ಣು' ಸರಿ, 'ಎರಡು ಮಕ್ಕಳು' ಸರಿಯಲ್ಲ. ನಾವು 'ಇಬ್ಬರು ಮಕ್ಕಳು' ಎನ್ನುತ್ತೇವೆ. ಹೊರದೇಶದಲ್ಲಿ ಬೆಳೆಯುವ ಮಗು ತಪ್ಪಿ ನುಡಿಯುವುದು ಇಂಥಲ್ಲಿಯೇ. ಯಂತ್ರವೂ ಅದನ್ನೇ ಕಲಿಸಿದರೆ ತಿದ್ದುವವರು ಯಾರು?

ಭಾಷೆಯ ಕಾಳಜಿಯಿಂದಲೇ ಹುಟ್ಟಿದ ಸಮುದಾಯವೂ ಇದೆ. 2001ರ ಜುಲೈನಲ್ಲಿ ನಾರ್ವೆಯಲ್ಲಿ ಆರಂಭವಾದ ಸ್ಕೋಲೆಲಿನಕ್ಸ್, ನಾರ್ವೇಜಿಯನ್ನಿನ ಎರಡೂ ಬರಹ ರೂಪಗಳಲ್ಲಿ ಮತ್ತು ಸಾಮಿ ಭಾಷೆಯಲ್ಲಿ ಶಾಲೆಗಳಿಗೆ ತಂತ್ರಾಂಶ ಒದಗಿಸಲು ಹೊರಟಿತು. ಮುಂದೆ ಅದು ಡೆಬಿಯನ್ ಎಜು ಜೊತೆ ಒಂದಾಗಿ ಜರ್ಮನಿ ಮೊದಲಾದ ದೇಶಗಳಿಗೂ ಹಬ್ಬಿತು. ಅವರು ಮಾಡಿಕೊಂಡ ಏರ್ಪಾಡು ನಮಗೆ ಹಿಡಿಸಿದೆ: ತಂತ್ರಾಂಶ ಬರೆಯುವವರ ಮಾತು ಇಂಗ್ಲಿಷಿನಲ್ಲಿ, ಶಿಕ್ಷಕರ ಮಾತು ಅವರವರ ಭಾಷೆಯಲ್ಲಿ.

ನಮ್ಮ ನಾಡಿನಲ್ಲೂ ಇದು ನಡೆದಿದೆ. 2010ರ ದಶಕದ ಆರಂಭದಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿತು. ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ಗುಂಪು. ಮುಕ್ತ ತಂತ್ರಾಂಶ ಬಳಸಲು ಕಲಿತ ಶಿಕ್ಷಕರು ಪಾಠದ ಸಾಮಗ್ರಿಯನ್ನು ಕನ್ನಡದಲ್ಲೇ ಹಂಚಿಕೊಂಡರು. ಕಂಪ್ಯೂಟರ್ ಎಂದರೆ ದೂರ ನಿಲ್ಲುತ್ತಿದ್ದವರಿಗೂ ತಮ್ಮ ವಿಷಯದವರೊಡನೆ ಕನ್ನಡದಲ್ಲಿ ಬರೆಯಲು ಅಂಜಿಕೆಯಿರಲಿಲ್ಲ ಎಂದೇ ನಮ್ಮ ಅನಿಸಿಕೆ.

ಈ ಕೆಲಸಕ್ಕೆ ಕೈಹಾಕಲು ಬಯಸುವ ನಮ್ಮ ಸದಸ್ಯರು ಹೊಸ ಗುಂಪು ಕಟ್ಟುವ ಮೊದಲು ಇರುವ ಕನ್ನಡ ಅನುವಾದಕರನ್ನು ಹುಡುಕಿ ಸೇರಿಕೊಳ್ಳಲಿ. 'ಕಡತ'ವೋ 'ಫೈಲೋ', 'ಒತ್ತು' ಎನ್ನಬೇಕೋ 'ಒತ್ತಿರಿ' ಎನ್ನಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ ಒಂದು ಪದಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು (ಐದು ವರ್ಷದ ಮಗುವಿಗೆ 'ಗಣಕಯಂತ್ರ' ಬೇಡ, 'ಕಂಪ್ಯೂಟರ್' ಸಾಕು). ದೋಷ ಕಂಡರೆ ಆವೃತ್ತಿಯ ಸಂಖ್ಯೆ ಮತ್ತು ಪರದೆಯ ಚಿತ್ರದೊಡನೆ, ಒಂದು ಪತ್ರಕ್ಕೆ ಒಂದೇ ದೋಷದಂತೆ ಬರೆಯಿರಿ. ಹೊಸ ಆವೃತ್ತಿ ಬರುವ ಮುನ್ನ ಕೆಡಿಇಯಂಥ ಸಮುದಾಯಗಳು ಇಂಗ್ಲಿಷ್ ವಾಕ್ಯಗಳನ್ನು ಬದಲಿಸುವುದನ್ನು ಕೆಲಕಾಲ ನಿಲ್ಲಿಸುತ್ತವೆ. ಅನುವಾದ ಮುಗಿಸಲು ಸಿಗುವ ಅವಧಿ ಅದು. ಆಗ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಆವೃತ್ತಿಯನ್ನು ಒಮ್ಮೆ ಪೂರ್ತಿ ಆಡಿಸಿ ನೋಡಿ.