ಮೈಸೂರಿನ ಜಾವಾ, ಅಪ್ಪನ ಯೆಜ್ಡಿ, ನಮ್ಮ ರೈಡ್



ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರು, ಪುಣೆಯಂಥ ಊರುಗಳಲ್ಲಿ ಹಳೆಯ ಜಾವಾ, ಯೆಜ್ಡಿ ಬೈಕುಗಳು ಸಾಲಾಗಿ ರಸ್ತೆಗಿಳಿಯುತ್ತವೆ. ಅದು ಜಾವಾ ದಿನ. ಈ ಸಲ ಆ ದಿನ ಬಲಿಪೂಜೆ ಮುಗಿಸಿಕೊಂಡು ತುರೋರಿಯಿಂದ ಬಸವಕಲ್ಯಾಣಕ್ಕೆ ನಾವೂ ರೈಡ್ ಹೋಗೋಣ ಎಂದು ನಮ್ಮ ಹುಡುಗರು ಕೇಳುತ್ತಿದ್ದಾರೆ. ಕೆಲವು ತಂದೆತಾಯಂದಿರು ಬೇಡ ಎಂದಿದ್ದಾರೆ. ಅವರ ಹೆದರಿಕೆಗೆ ನಾನೇ ಕಾರಣ. ಅದನ್ನು ಹೇಳುವ ಮೊದಲು ಈ ಗಾಡಿಯ ಇತಿಹಾಸ ಸ್ವಲ್ಪ ಕೇಳಿ.

ಜೆಕ್ ದೇಶದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಇದ್ದರು. 1929ರಲ್ಲಿ ಅವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ನಮ್ಮ ದೇಶದಲ್ಲಿ ಇದನ್ನು ತಯಾರಿಸಲು ಇರಾನಿ ಎಂಬ ಪಾರ್ಸಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯಿತು. ಕಿಕ್ ಹೊಡೆದ ಅದೇ ಲಿವರನ್ನು ಮುಂದಕ್ಕೆ ಬಗ್ಗಿಸಿದರೆ ಗೇರ್ ಆಗುತ್ತದೆ! ಹೊಸಬರು ನೋಡಿ ಬೆರಗಾಗುತ್ತಾರೆ.

ಇದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಿ ಹಾಕಬೇಕು. ಆ ಆಯಿಲೂ ಪೆಟ್ರೋಲಿನ ಜೊತೆ ಉರಿಯುವುದರಿಂದ ಹೊಗೆ ಹೆಚ್ಚು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಫೋರ್-ಸ್ಟ್ರೋಕ್ ಗಾಡಿಯನ್ನು ಜನ ಮೆಚ್ಚಿಕೊಂಡರು. ಮಾಲಿನ್ಯದ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತುಹೋಯಿತು.

ಕಾರ್ಖಾನೆ ನಿಂತರೂ ಗಾಡಿಗಳು ಓಡುತ್ತಲೇ ಇದ್ದವು. ಒಬ್ಬರ ಮನೆಯ ಅಟ್ಟದಲ್ಲಿದ್ದ ಕಾರ್ಬುರೇಟರ್ ಇನ್ನೊಬ್ಬರ ಗಾಡಿಗೆ ಹೋಯಿತು. ಹಳೆಯ ಮೇಸ್ತ್ರಿಗಳನ್ನು ಹುಡುಕಿಕೊಂಡು ಹೋಗಿ ಹುಡುಗರು ಕೆಲಸ ಕಲಿತರು. ಊರೂರಿನಲ್ಲಿ ಕ್ಲಬ್ಬುಗಳಾದವು. ಹಳೆಯ ಗಾಡಿ ದಾರಿಯಲ್ಲಿ ಕೈಕೊಡುವುದು ಎಲ್ಲರಿಗೂ ಗೊತ್ತು, ಹಾಗಾಗಿ ಒಂದು ನಿಂತರೆ ಉಳಿದವರೂ ನಿಲ್ಲುತ್ತಾರೆ. ಮುಂದೆ ಹೊಸ ಕಂಪನಿಯೊಂದು 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಇಪ್ಪತ್ತು ವರ್ಷ ಆ ಹೆಸರುಗಳನ್ನು ಜೀವಂತ ಇಟ್ಟವರು ಮಾತ್ರ ಹೀಗೆ ಒಬ್ಬರಿಗೊಬ್ಬರು ನಿಂತ ಸವಾರರು.

ಹೋದ ಮಳೆಗಾಲದಲ್ಲಿ ನಾನು ಇದನ್ನೇ ಮರೆತೆ. ನಳದುರ್ಗದ ಕೋಟೆಯ ಪಾಣಿ ಮಹಲಿನ ಮೇಲಿಂದ ನೀರು ಧುಮುಕುವುದನ್ನು ನೋಡಲು ಒಂಬತ್ತು ಬೈಕುಗಳಲ್ಲಿ ಹೊರಟಿದ್ದೆವು. ಮುಂದೆ ನಾನಿದ್ದೆ. ಹೆದ್ದಾರಿ ನುಣುಪಾಗಿತ್ತು, ಗಾಳಿ ಹಿತವಾಗಿತ್ತು, ಕನ್ನಡಿ ನೋಡಲಿಲ್ಲ. ಜಳಕೋಟ ದಾಟಿ ಚಹಾಕ್ಕೆ ನಿಂತಾಗ ಎಂಟೇ ಗಾಡಿಗಳು. ನಮ್ಮ ಗುಂಪಿನ ಅತಿ ಚಿಕ್ಕವ ಬಹಳ ಹಿಂದೆ ರಸ್ತೆ ಬದಿಯ ಉಸುಕಿನಲ್ಲಿ ಜಾರಿ ಬಿದ್ದಿದ್ದ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಕಾಲು ಮುರಿದಿತ್ತು. ನಾವು ತಿರುಗಿ ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಗುರುತಿಲ್ಲದ ಒಬ್ಬ ರೈತ.

ರಾತ್ರಿ ಅಪ್ಪ ಬೈಯಲಿಲ್ಲ. ತಮ್ಮ ಹಳೆಯ ಯೆಜ್ಡಿಯ ಸೀಟು ಒರೆಸುತ್ತ ಇಷ್ಟೇ ಅಂದರು: "ಹಿಂದಿನವ ಕಾಣ್ವಲ್ಲ ಅಂದ್ರ ಮುಂದಿನವ ನಿಂದ್ರಬೇಕಪ್ಪ."

ಆದ್ದರಿಂದ ಈ ಸಲದ ನಿಯಮಗಳು ಇವು. ಹೊಸದಾಗಿ ಓಡಿಸುವವರು ನಡುವೆ ಇರಬೇಕು. ಅತಿ ನಿಧಾನದವನ ವೇಗವೇ ಎಲ್ಲರ ವೇಗ. ಪ್ರತಿಯೊಬ್ಬನೂ ತನ್ನ ಹಿಂದಿನವನನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು. ಕಾಣದಿದ್ದರೆ ರಸ್ತೆ ಬಿಟ್ಟು ಬದಿಗೆ ನಿಲ್ಲಬೇಕು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಲೈಸೆನ್ಸ್ ಇಲ್ಲದವರು ಗಾಡಿ ಓಡಿಸುವಂತಿಲ್ಲ.

ತಂದೆತಾಯಂದಿರೇ, ನಿಮ್ಮ ಒಪ್ಪಿಗೆ ಸಿಕ್ಕರೆ ಮಾತ್ರ ಹೊರಡುತ್ತೇವೆ. ಕಾಲು ಮುರಿದುಕೊಂಡ ತಮ್ಮನ ಅಮ್ಮನನ್ನು ನಾನೇ ಹೋಗಿ ಕೇಳಿದೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಕಾಯುತ್ತೇನೆ.

ಈ ಸಲ ಮುಂದೆ ಬೇರೆಯವರು ಇರುತ್ತಾರೆ. ನಾನು ಎಲ್ಲರಿಗಿಂತ ಹಿಂದೆ, ಅಪ್ಪನ ಯೆಜ್ಡಿಯ ಮೇಲೆ. ಅದರ ಹೊಗೆಯೂ ಯಾರ ಮುಖಕ್ಕೂ ಬಡಿಯುವುದಿಲ್ಲ!