ಬಂದು ನೆಲಸಿದವರ ಬಂದರು

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲನ್ನು ಸೇರುವ ಅಳಿವೆಯಲ್ಲಿ ಬೆಳೆದ ಮಂಗಳೂರಿನ ಚರಿತ್ರೆಯು ಬಹುಮಟ್ಟಿಗೆ ಬಂದು ನೆಲಸಿದವರ ಚರಿತ್ರೆಯೇ ಆಗಿದೆ. 12ನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹಲವು ವರ್ಷಗಳ ಕಾಲ ಇಲ್ಲಿದ್ದು ವ್ಯಾಪಾರ ನಡೆಸಿದನು. 14ನೆಯ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತನು ಪರ್ಶಿಯಾ ಹಾಗೂ ಯೆಮೆನ್ ದೇಶಗಳ ವರ್ತಕರನ್ನೂ, ಪಟ್ಟಣದ ಹೊರವಲಯದಲ್ಲಿ ವಾಸಿಸುತ್ತಿದ್ದ ಸುಮಾರು 4,000 ಮುಸಲ್ಮಾನರನ್ನೂ ಕುರಿತು ಬರೆದಿದ್ದಾನೆ. ಅವರಿಗೂ ಊರವರಿಗೂ ಕಲಹಗಳಾಗುತ್ತಿದ್ದವು. ವರ್ತಕರ ಅಗತ್ಯವಿದ್ದುದರಿಂದ ಅರಸನೇ ಸಂಧಾನ ಮಾಡಿಸುತ್ತಿದ್ದನೆಂದೂ ಅವನು ತಿಳಿಸುತ್ತಾನೆ.

ನಮ್ಮ ಪೂರ್ವಜರ ಆಗಮನವೂ ಇದೇ ಬಗೆಯದು. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ, ಇಲ್ಲಿ ರೊಸಾರಿಯೊ ಇಗರ್ಜಿಯು ಸ್ಥಾಪನೆಗೊಂಡಿತು. ಆದರೆ ಕೊಂಕಣಿ ಕ್ರೈಸ್ತರಲ್ಲಿ ಬಹುಪಾಲು ಜನರು ಬಂದುದು ಗೋವೆಯ ಸಂಕಟಗಳಿಂದ ಪಾರಾಗಲು. 1560ರಲ್ಲಿ ಆರಂಭವಾದ ಧರ್ಮವಿಚಾರಣೆ, ಕ್ಷಾಮ, ತೆರಿಗೆಯ ಭಾರ, 1683 ಮತ್ತು 1739ರ ಮರಾಠರ ದಾಳಿಗಳು ಅವರನ್ನು ದಕ್ಷಿಣಕ್ಕೆ ಅಟ್ಟಿದವು. ಕೃಷಿಯಲ್ಲಿ ನುರಿತ ಈ ಜನರಿಗೆ ಕೆಳದಿಯ ಅರಸರು ಆಶ್ರಯವಿತ್ತರು. ಅದೇ ಗೋವೆಯಿಂದ, ಅದೇ ಕೊಂಕಣಿಯನ್ನಾಡುತ್ತ, ಗೌಡ ಸಾರಸ್ವತರೂ ಬಂದರು. ತುಳುವ ನಾಡು ಇಬ್ಬರಿಗೂ ಎಡೆಗೊಟ್ಟಿತು.

1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅನೇಕ ಇಗರ್ಜಿಗಳು ನೆಲಸಮವಾದವು. 1799ರ ತರುವಾಯ ಅಳಿದುಳಿದವರು ಮರಳಿ ಬಂದಾಗ ಮನೆಮಾರುಗಳನ್ನು ಮೊದಲಿನಿಂದ ಕಟ್ಟಬೇಕಾಯಿತು. ಹೀಗೆ ನಮ್ಮವರು ಈ ಊರಿಗೆ ಎರಡು ಬಾರಿ ಬರಿಗೈಯಲ್ಲಿ ಬಂದವರು.

ಅನಂತರವೂ ಬರುವವರ ಸಾಲು ನಿಲ್ಲಲಿಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. 1878ರ ಕೊನೆಯಲ್ಲಿ ಬಂದ ಇಟಲಿಯ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. 1974ರಲ್ಲಿ ನವಮಂಗಳೂರು ಪ್ರಮುಖ ಬಂದರೆಂದು ಘೋಷಿತವಾಯಿತು. ಅದಕ್ಕಾಗಿ ಪಣಂಬೂರಿನ ನೆಲವನ್ನು ಬಿಟ್ಟುಕೊಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸಬರಾಗಿ ಬಾಳನ್ನಾರಂಭಿಸಿದವು.

ಇಂದು ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಶ್ರಮಿಕರು ಇಲ್ಲಿಯ ಕಟ್ಟಡಗಳಲ್ಲಿ, ಮೀನುಗಾರಿಕೆಯ ದಕ್ಕೆಯಲ್ಲಿ ದುಡಿಯುತ್ತಾರೆ. ನಮ್ಮ ಮಕ್ಕಳು ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಇಂಥದೇ ಹೊಸಬರು. ಅಲ್ಲಿ ಅವರಿಗೆ ದೊರೆಯಲೆಂದು ನಾವು ಪ್ರಾರ್ಥಿಸುವ ಆದರವನ್ನು ಇಲ್ಲಿ ಬಂದವರಿಗೆ ನಿರಾಕರಿಸುವುದು ನ್ಯಾಯವಲ್ಲ. ಕೆಳದಿಯವರು ನಮ್ಮ ಹಿರಿಯರಲ್ಲಿ ಕಂಡುದು ದುಡಿಯಬಲ್ಲ ಕೈಗಳನ್ನು. ಶತಮಾನೋತ್ಸವದ ಈ ವರ್ಷ, ನಮ್ಮ ನಡುವಿನ ಹೊಸಬರ ಹೆಸರುಗಳನ್ನಾದರೂ ನಾವು ಕೇಳಿ ತಿಳಿಯೋಣ.