ಕಡಲು ಕೊಟ್ಟ ಅಂಗರಾಗ

ಸಮುದ್ರಕ್ಕೆ ನಮ್ಮ ಪೂರ್ವಿಕರು ರತ್ನಾಕರವೆಂದು ಹೆಸರಿಟ್ಟರು. ಆ ರತ್ನಗಳೆಂದರೆ ಮುತ್ತು ಹವಳಗಳಷ್ಟೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಮೈಗೆ ಪೂಸುವ ಲೇಪ, ಕೂದಲಿಗೆ ಹಿಡಿಯುವ ಧೂಪ, ಹಣೆಗಿಡುವ ಕುಂಕುಮ, ಇವುಗಳಲ್ಲಿಯೂ ಕಡಲಿನ ಪಾಲು ಉಂಟು. ಈಚೆಗೆ ನನ್ನ ತರಗತಿಯ ಹುಡುಗಿಯೊಬ್ಬಳು ಮುಖಕ್ಕೆ ಹಚ್ಚುವ ಕ್ರೀಮಿನ ಖಾಲಿ ಡಬ್ಬಿಯನ್ನು ತಂದು, "ಇದರಲ್ಲಿ ಕಡಲಿನ ಪಾಚಿ ಉಂಟಂತೆ ಸಾರ್, ಹಿಂದಿನವರಿಗೆ ಇದೆಲ್ಲ ಗೊತ್ತಿತ್ತಾ?" ಎಂದು ಕೇಳಿದಳು. ಗಂಟೆ ಹೊಡೆದುದರಿಂದ ಅಂದು ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಓದುಗರಾದ ನಿಮ್ಮ ಮುಂದಿಡುತ್ತೇನೆ.

ನಮ್ಮ ಅಮಾಸೆಬೈಲು ಕುಂದಾಪುರಕ್ಕೆ ಮೂಡಣದಲ್ಲಿ, ಘಟ್ಟದ ಬುಡದಲ್ಲಿರುವ ಊರು. ಇಲ್ಲಿಂದ ಕಡಲು ಕಾಣಿಸದು, ಅಲೆಯ ಸದ್ದು ಕೇಳಿಸದು. ಆದರೂ ಇಲ್ಲಿನ ಮನೆಗಳಿಗೆ ಕಡಲು ಎಂದೂ ದೂರವಾಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಅರಸರು ಬಿದನೂರಿನಿಂದ ಆಳುತ್ತಿದ್ದಾಗ ಬಸರೂರು ಅವರ ದೊಡ್ಡ ಬಂದರು. ನಮ್ಮ ನೆರೆಯ ಹೊಸಂಗಡಿಯ ಘಟ್ಟದ ದಾರಿ ಕರಾವಳಿಯನ್ನು ಬಿದನೂರಿಗೆ ಕೂಡಿಸುತ್ತಿತ್ತು. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಬಿದನೂರಿಗೆ ದಂಡೆತ್ತಿ ಹೋದದ್ದೂ ಇದೇ ದಾರಿಯಿಂದ. ದಂಡು ಹತ್ತಿದ ದಾರಿಯಲ್ಲಿ ಉಪ್ಪಿನ ಮೂಟೆಯೂ ಹತ್ತಿದ್ದಿತು.

ಕರಾವಳಿಯ ಸುಣ್ಣದ ಮಾತನ್ನೇ ತೆಗೆದುಕೊಳ್ಳಿ. ಇಲ್ಲಿ ಸುಣ್ಣವೆಂದರೆ ಬಹುಕಾಲ ಚಿಪ್ಪಿನ ಸುಣ್ಣವೇ. ಅಳಿವೆಯಲ್ಲಿ ಆಯ್ದ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ನೀರು ಹೊಯ್ದರೆ ಅರಳುವ ಬಿಳಿಯ ಹುಡಿ. ಅದು ಗೋಡೆಗೂ ಬೇಕು, ವೀಳ್ಯಕ್ಕೂ ಬೇಕು. ಅರಸಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುವುದಷ್ಟೆ. ಹಳೆಯ ಕ್ರಮದ ಕುಂಕುಮದ ಗುಟ್ಟು ಅದೇ. ಚಿಪ್ಪಿನ ಸುಣ್ಣ ಬೆರೆಸಿ ಕುಂಕುಮ ಮಾಡಿದ ಮನೆಯಲ್ಲಿ, ಕಡಲನ್ನು ಕಾಣದ ಅಜ್ಜಿಯ ಹಣೆಯ ಮೇಲೂ ಕಡಲಿನದೊಂದು ಕಣ ಇದ್ದಿತು.

ಇನ್ನು ಗ್ರಂಥಗಳ ಕಡೆಗೆ ಬರೋಣ. ಲೇಪ ಧೂಪಗಳನ್ನು ಕೂಡಿಸುವ ವಿದ್ಯೆಗೆ ಗಂಧಯುಕ್ತಿಯೆಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟನು. ಕನ್ನಡದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರವೆಂಬ ಗ್ರಂಥವನ್ನು ರಚಿಸಿದನು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ನೆಲದೊಳಗಿನ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಪಾಕವಿದ್ಯೆ, ಇವುಗಳ ಸಾಲಿನಲ್ಲಿಯೇ ಸುಗಂಧದ್ರವ್ಯಗಳ ವಿಷಯವನ್ನೂ ಅವನು ಗೃಹಸ್ಥರಿಗೆ ತಿಳಿಸಿದನು. ನೂರು ವರ್ಷಗಳ ತರುವಾಯ, 1129ರ ಸುಮಾರಿಗೆ, ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಸ್ನಾನಭೋಗ, ವಿಲೇಪನಭೋಗ, ಧೂಪಭೋಗಗಳೆಂದು ಈ ವಿಷಯ ವಿಸ್ತಾರವಾಗಿ ಬಂದಿದೆ.

ಗಂಧಯುಕ್ತಿಯ ಸಾಮಗ್ರಿಗಳಲ್ಲಿ ನಖವೆಂಬುದೊಂದು ಮತ್ತೆ ಮತ್ತೆ ಬರುತ್ತದೆ. ನಖವೆಂದರೆ ಉಗುರು. ಆದರೆ ಇದು ಯಾವ ಮೃಗದ ಉಗುರೂ ಅಲ್ಲ. ಕಡಲಿನ ಶಂಖಜಾತಿಯ ಹುಳು ಒಳಗೆ ಸರಿದಾಗ ತನ್ನ ಬಾಯಿಗೆ ಮುಚ್ಚಿಕೊಳ್ಳುವ ಕದ, ನೋಡಲು ಉಗುರಿನಂತೆ ಇರುವ ಕೊಂಬಿನಂಥ ಬಿಲ್ಲೆ. ಒಂಟಿಯಾಗಿ ಸುಟ್ಟರೆ ಕೂದಲು ಸುಟ್ಟ ನಾತ. ಆದುದರಿಂದ ಅದನ್ನು ಬೇಯಿಸಿ, ಹುರಿದು, ಬೆಲ್ಲ ಮತ್ತು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಶುದ್ಧಿಮಾಡುವ ಕ್ರಮವನ್ನು ವೈದ್ಯಗ್ರಂಥಗಳು ಹೇಳುತ್ತವೆ. ಹಾಗೆ ಸಂಸ್ಕರಿಸಿ ಬೆರೆಸಿದರೆ ಅದು ಬೇರೆ ಪರಿಮಳಗಳನ್ನು ಬೇಗನೆ ಹಾರಿಹೋಗಗೊಡದೆ ಹಿಡಿದು ನಿಲ್ಲಿಸುತ್ತದೆ. ಅರಬರೂ ಇದನ್ನು ಬಲ್ಲವರಾಗಿ, ತಮ್ಮ ಮಾತಿನಲ್ಲಿ 'ಸುಗಂಧದ ಉಗುರು' ಎಂದೇ ಕರೆದರು.

ಇಲ್ಲೊಂದು ಸ್ವಾರಸ್ಯವುಂಟು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರು ನೆನಪಿಸಿಕೊಳ್ಳಲಿ. ಶುಕ್ತಿ, ಶಂಖ ಎಂಬ ಹೆಸರುಗಳೊಡನೆ ನಖವು ಅಲ್ಲಿ ಸಿಕ್ಕುವುದು ವನೌಷಧಿವರ್ಗದಲ್ಲಿ, ಗಿಡಬಳ್ಳಿಗಳ ನಡುವೆ! ಹೆಸರು ಕಡಲಿನದು, ಸ್ಥಾನ ಕಾಡಿನದು. ಸಮುದ್ರಫೇನದ ಕಥೆಯೂ ಹಾಗೆಯೇ. ಕಣ್ಣಿನ ಅಂಜನಕ್ಕೂ ಚರ್ಮವನ್ನು ಉಜ್ಜಲಿಕ್ಕೂ ಬಳಸುತ್ತಿದ್ದ ಆ ಹಗುರವಾದ ಬಿಳಿಯ ವಸ್ತುವನ್ನು ಕಡಲಿನ ನೊರೆ ಗಟ್ಟಿಯಾದದ್ದೆಂದು ಹೆಸರಿಸಿದರು. ನಿಜದಲ್ಲಿ ಅದು ಬೊಂಡಾಸದ ಜಾತಿಯ ಜೀವಿಯೊಂದರ ಬೆನ್ನಿನ ಒಳಚಿಪ್ಪು. ಹದಿನಾರನೆಯ ಶತಮಾನದ ಕೊನೆಗೆ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ನಖವು ಒಂದು ಪ್ರಾಣಿಯ ಮನೆಯೆಂದು ಸರಿಯಾಗಿಯೇ ಬರೆದನು. ಆದರೆ ಪೇಟೆಯಲ್ಲಿ ಕೊಂಡು ಹಚ್ಚಿಕೊಳ್ಳುವವನಿಗೆ ಜೀವಿಯ ಪರಿಚಯ ಎಂದೂ ಆಗಲಿಲ್ಲ.

ನಖ, ಚಿಪ್ಪು, ಫೇನ ಇವು ಬಹುಮಟ್ಟಿಗೆ ತಿಂದುಳಿದುದು ಅಥವಾ ಅಲೆ ತಂದೆಸೆದುದು. ಈ ಮರೆವಿನಿಂದ ಹೆಚ್ಚಿನ ಕೇಡಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹಾಗಾಗಲಿಲ್ಲ. 1906ರಲ್ಲಿ ಜಪಾನಿನ ತ್ಸುಜಿಮೊತೊ ಎಂಬ ರಸಾಯನಶಾಸ್ತ್ರಜ್ಞನು ಶಾರ್ಕಿನ, ಎಂದರೆ ನಮ್ಮವರು ತಾಟೆಯೆನ್ನುವ ಮೀನಿನ, ಯಕೃತ್ತಿನ ಎಣ್ಣೆಯಲ್ಲಿ ಒಂದು ಪದಾರ್ಥವನ್ನು ಕಂಡು, 1916ರಲ್ಲಿ ಅದಕ್ಕೆ ಸ್ಕ್ವಾಲೀನ್ ಎಂದು ಹೆಸರಿಟ್ಟನು. ಮನುಷ್ಯನ ಚರ್ಮದ ಜಿಡ್ಡಿನಲ್ಲಿಯೂ ಇದೇ ಪದಾರ್ಥವಿದೆ. ಆದುದರಿಂದ ಇದನ್ನು ಕೆಡದಂತೆ ಮಾರ್ಪಡಿಸಿ ಹಚ್ಚಿದರೆ ಚರ್ಮ ಅಂಟಿಲ್ಲದೆ ಮೃದುವಾಗುತ್ತದೆ. ಕ್ರೀಮುಗಳಿಗಾಗಿ ಆಳಕಡಲಿನ ಶಾರ್ಕುಗಳ ಬೇಟೆ ಬೆಳೆಯಿತು. ಅವು ನಿಧಾನವಾಗಿ ಬೆಳೆದು, ತಡವಾಗಿ, ಕೆಲವೇ ಮರಿಗಳನ್ನು ಈಯುವ ಪ್ರಾಣಿಗಳು. ಹಿಡಿದಷ್ಟು ಬೇಗ ತುಂಬಿಬರಲಾರವು. ಈಗ ಅದೇ ಪದಾರ್ಥವನ್ನು ಆಲಿವ್ ಎಣ್ಣೆಯಿಂದಲೂ ಕಬ್ಬಿನ ಸಕ್ಕರೆಯಿಂದಲೂ ಪಡೆಯುವ ಮಾರ್ಗಗಳಿವೆ.

ಅಂಬರ್ ಎಂಬ ಸುಗಂಧದ್ರವ್ಯದ ಮಾತೂ ನಮ್ಮ ಕರಾವಳಿಯವರು ತಿಳಿಯತಕ್ಕದ್ದು. ಪತ್ರಿಕೆಗಳು ಇದನ್ನು ತಿಮಿಂಗಿಲದ ವಾಂತಿಯೆನ್ನುತ್ತವೆ. ಇದೂ ಹೆಸರಿನ ತಪ್ಪೇ. ಸ್ಪರ್ಮ್ ತಿಮಿಂಗಿಲ ನುಂಗಿದ ಬೊಂಡಾಸಗಳ ಗಟ್ಟಿಕೊಕ್ಕು ಜೀರ್ಣವಾಗದೆ, ಅದರ ಕರುಳಿನಲ್ಲಿ ಗಡ್ಡೆಗಟ್ಟುವ ಪದಾರ್ಥವಿದು. ಚಿನ್ನದ ಬೆಲೆಯ ಆಸೆಗೆ ಇದನ್ನು ಬಚ್ಚಿಟ್ಟು ಮಾರಹೊರಟು ಸಿಕ್ಕಿಬಿದ್ದವರ ಸುದ್ದಿಯನ್ನು ನೀವು ಓದಿರುತ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದರ ವ್ಯಾಪಾರ ಅಪರಾಧ. ದಡದಲ್ಲಿ ಸಿಕ್ಕಿದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಇದರ ಪರಿಮಳವನ್ನಾದರೋ 1950ರ ಸುಮಾರಿನಿಂದ ಒಂದು ಗಿಡದ ಸಾರದಿಂದಲೇ ತಯಾರಿಸುತ್ತಿದ್ದಾರೆ.

ಹಾಗಾದರೆ ಕಡಲಿನದೆಲ್ಲ ವರ್ಜ್ಯವೆ? ಅಲ್ಲ. ಆ ಹುಡುಗಿ ತಂದ ಡಬ್ಬಿಯ ಪಾಚಿಯನ್ನೇ ನೋಡಿ. 1881ರಲ್ಲಿ ಇಂಗ್ಲೆಂಡಿನ ಸ್ಟ್ಯಾನ್‌ಫರ್ಡನು ಕಂದುಪಾಚಿಯಿಂದ ಆಲ್ಜಿನ್ ಎಂಬ ಅಂಟನ್ನು ತೆಗೆದನು. ಈಗ ಇಂಥ ಪಾಚಿಯ ಅಂಟುಗಳು ಕ್ರೀಮನ್ನೂ ಹಲ್ಲಿನ ಪೇಸ್ಟನ್ನೂ ಮಂದವಾಗಿ ನಿಲ್ಲಿಸುತ್ತವೆ. ಹದವರಿತು ಕೊಯ್ದರೆ ಪಾಚಿ ಮತ್ತೆ ಚಿಗುರುತ್ತದೆ. 1957ರಲ್ಲಿ ಸ್ಥಾಪಿತವಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಸಿಗಡಿಯ ಬಿಸಾಡುವ ಸಿಪ್ಪೆಯಿಂದ ಕೈಟೋಸಾನ್ ತೆಗೆಯುವ ವಿಧಾನವನ್ನು ರೂಪಿಸಿತು. ಚರ್ಮದ ಮೇಲೂ ಕೂದಲಿನ ಮೇಲೂ ತೆಳುವಾದ ಪೊರೆಯಾಗಿ ನಿಂತು ತೇವವನ್ನು ಕಾಯುವ ಗುಣ ಇದಕ್ಕಿದೆ. ತಿಂದುಳಿದುದರಿಂದ ಅಂದ ಎಂಬ ನಖದ ಕಾಲದ ರೀತಿಗೆ ವಿಜ್ಞಾನ ಹೀಗೆ ಮರಳಿ ಬಂದಂತಾಯಿತು.

ಹಿಂದಿನವರಿಗೆ ಗೊತ್ತಿತ್ತೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಗುಣ ಗೊತ್ತಿತ್ತು, ಜೀವಿ ಗೊತ್ತಿರಲಿಲ್ಲ. ನಮಗೆ ಎರಡನ್ನೂ ತಿಳಿಯಲು ಅನುಕೂಲವಿದೆ. ನಿಮ್ಮ ಮನೆಯ ಕನ್ನಡಿಯ ಬಳಿ ಇರುವ ಡಬ್ಬಿಯನ್ನು ಒಮ್ಮೆ ತಿರುಗಿಸಿ ಓದಿರಿ. ಅದರೊಳಗಿನ ಕಡಲು ಯಾರದು, ಉಳಿದುದೋ ಕೊಂದುದೋ ಎಂದು ಮಕ್ಕಳೊಡನೆ ಕೂತು ವಿಚಾರಿಸಿರಿ. ರತ್ನಾಕರದಿಂದ ಪಡೆದವರು ಅಷ್ಟಾದರೂ ಮಾಡಬೇಡವೆ?